ಯಾದಗಿರಿ ಸೀಮೆಯ ಹರಿಗೋಲು ಮೀನುಗಾರಿಕೆ: ಪರವಾನಗಿ ಮತ್ತು ಲೆಕ್ಕಪತ್ರದ ಚರಿತ್ರೆ

ಕೃಷ್ಣಾ ಮತ್ತು ಭೀಮಾ ನದಿಗಳು, ನಾರಾಯಣಪುರದ ಬಸವಸಾಗರ ಜಲಾಶಯ, ಯಾದಗಿರಿ, ಶಹಾಪುರ ಮತ್ತು ಸುರಪುರ ಸೀಮೆಯ ಕೆರೆಗಳು: ಈ ನೀರುಗಳಲ್ಲಿ ಮಾರಾಟಕ್ಕೆಂದು ಮೀನು ಹಿಡಿಯುವವರ ಮೇಲೆ, ಅವರ ಹರಿಗೋಲು ಮತ್ತು ಬಲೆಗಳ ಮೇಲೆ ಸರ್ಕಾರ ವಿಧಿಸಿದ ಕಟ್ಟಳೆಗಳು ಹಾಗೂ ಇರಿಸಿದ ಲೆಕ್ಕಪತ್ರಗಳು ಈ ಲೇಖನದ ವಿಷಯ. ಕರ್ನಾಟಕದ ಕರಾವಳಿಯಲ್ಲಿ ಮೀನುಗಾರಿಕೆ ದೋಣಿ ಎಂದರೆ ನೋಂದಣಿ ಸಂಖ್ಯೆ, ಪರವಾನಗಿ, ಬಣ್ಣದ ಗುರುತು ಇರುವ ವಸ್ತು. ಕಡಲಿಲ್ಲದ ಈ ಸೀಮೆಯಲ್ಲಿ ಆಡಳಿತ ಬೇರೆ ದಾರಿ ಹಿಡಿಯಿತು. ಇಲ್ಲಿ ಅದು ಬರೆದಿಟ್ಟದ್ದು ನೀರನ್ನು: ಯಾವ ಕೆರೆ, ಯಾವ ಮಡು, ಯಾರಿಗೆ ಗುತ್ತಿಗೆ, ಎಷ್ಟು ಹಣಕ್ಕೆ. ಆ ನೀರಿನ ಮೇಲೆ ಹುಟ್ಟು ಹಾಕುವವನ ಹೆಸರು, ಅವನ ಹರಿಗೋಲಿನ ಗುರುತು, ಸಂಜೆ ಅವನು ದಂಡೆಗೆ ತಂದ ಮೀನಿನ ತೂಕ ಬಹುಕಾಲ ಪುಸ್ತಕಕ್ಕೆ ಏರಲೇ ಇಲ್ಲ.

ಹಳೆಯ ಕಟ್ಟಳೆಗಳು

ಮೀನಿನ ಮೇಲೆ ರಾಜ್ಯದ ಕಣ್ಣು ಬಿದ್ದದ್ದು ಬಹಳ ಹಿಂದೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಾವಧ್ಯಕ್ಷನೆಂಬ ಅಧಿಕಾರಿಯ ಕೆಲಸಗಳನ್ನು ಹೇಳುವಾಗ ಮೀನುಗಾರರು ತಾವು ಹಿಡಿದದ್ದರ ಆರನೆಯ ಒಂದು ಪಾಲನ್ನು ಸುಂಕವಾಗಿ ಕೊಡಬೇಕೆಂಬ ನಿಯಮವಿದೆ. ಅಶೋಕನ ಐದನೆಯ ಸ್ತಂಭಶಾಸನ ಕೊಲ್ಲಬಾರದ ಜೀವಿಗಳ ಪಟ್ಟಿಯಲ್ಲಿ ಕೆಲವು ಮೀನುಗಳನ್ನು ಸೇರಿಸಿದ್ದಲ್ಲದೆ, ಗೊತ್ತಾದ ಹುಣ್ಣಿಮೆ ಮತ್ತು ಉಪವಾಸದ ದಿನಗಳಲ್ಲಿ ಮೀನು ಕೊಲ್ಲುವುದನ್ನೂ ಮಾರುವುದನ್ನೂ ತಡೆಯಿತು. ಆ ಶಾಸನ ದೊರೆತದ್ದು ಉತ್ತರ ಭಾರತದ ಕಂಬಗಳ ಮೇಲೆ. ಅದೇ ಅರಸನ ಬೇರೆ ಶಾಸನಗಳು ಶಹಾಪುರ ಸೀಮೆಗೆ ಹತ್ತಿರದಲ್ಲಿರುವ, ಭೀಮಾ ದಂಡೆಯ ಸನ್ನತಿಯಲ್ಲಿ 1980ರ ದಶಕದಲ್ಲಿ ಬೆಳಕಿಗೆ ಬಂದವು. ಮೀನಿಗೆ ನಿಷೇಧದ ದಿನಗಳನ್ನು ಗೊತ್ತುಮಾಡಿದ ಆಡಳಿತದ ಕೈ ಭೀಮಾ ತೀರದವರೆಗೆ ಚಾಚಿತ್ತೆಂಬುದಕ್ಕೆ ಇಷ್ಟು ಸಾಕ್ಷಿ ಸಾಕು.

ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದವೆಂಬ ಭಾಗವೇ ಇದೆ. ಯಾವ ಮೀನಿಗೆ ಯಾವ ಆಹಾರ, ಗಾಳ ಹೇಗಿರಬೇಕು, ಮೀನು ಕಚ್ಚಿದಾಗ ದಾರವನ್ನು ಹೇಗೆ ಬಿಡಬೇಕು ಎಂಬುದನ್ನೆಲ್ಲ ಅದು ಹೇಳುತ್ತದೆ. ಆದರೆ ಅದು ಅರಸನ ವಿನೋದದ ಶಾಸ್ತ್ರ. ನದಿಯ ಮೇಲೆಯೇ ಹೊಟ್ಟೆ ಹೊರೆದ ಅಂಬಿಗ, ಕಬ್ಬಲಿಗ, ಕೋಲಿ, ಬೆಸ್ತ ಮನೆತನಗಳ ಲೆಕ್ಕ ಅದರಲ್ಲಿಲ್ಲ.

ಭೀಮೆಯ ಮೀನುಗಳನ್ನು ಆಧುನಿಕ ವಿಜ್ಞಾನದ ಕ್ರಮದಲ್ಲಿ ಮೊದಲು ಪಟ್ಟಿ ಮಾಡಿದವನು ಒಬ್ಬ ಅಂಕಿಅಂಶದ ಅಧಿಕಾರಿ. ಬೊಂಬಾಯಿ ಸರ್ಕಾರದ ಅಂಕಿಅಂಶ ವರದಿಗಾರನಾಗಿದ್ದ ಕರ್ನಲ್ ವಿಲಿಯಂ ಹೆನ್ರಿ ಸೈಕ್ಸ್ ದಖ್ಖನಿನ ಮೀನುಗಳ ಬಗ್ಗೆ 1839ರಲ್ಲಿ ಮತ್ತು 1841ರಲ್ಲಿ ಬರೆದ. ಅವನು ನೋಡಿದ್ದು ಪುಣೆಯ ಕಡೆಯ ಮೇಲ್ಭಾಗದ ಹೊಳೆಗಳನ್ನು. ನೀರು ಮಾತ್ರ ಇಲ್ಲಿಗೇ ಹರಿದು ಬರುವ ಭೀಮೆಯದು.

ಸುರಪುರ ಮತ್ತು ನಿಜಾಮರ ಕಾಲ

ಸುರಪುರದ ಬೇಡ ನಾಯಕರ ಆಳ್ವಿಕೆಯಲ್ಲಿ ಕೆರೆ ಕಟ್ಟಿಸುವುದು ದೊರೆತನದ ಲಕ್ಷಣವಾಗಿತ್ತು. ಇಂದು ಪಕ್ಷಿಧಾಮವಾಗಿರುವ ಬೋನಾಳ ಕೆರೆಯನ್ನು ಪಾಮನಾಯಕ ಕಟ್ಟಿಸಿದನೆಂದೂ, 1841ರಿಂದ 1853ರವರೆಗೆ ಇಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಅದನ್ನು ಸುಧಾರಿಸಿದನೆಂದೂ ಪ್ರಸಿದ್ಧಿ. ರಾಜಾ ವೆಂಕಟಪ್ಪ ನಾಯಕನ 1858ರ ಬಂಡಾಯ ಮುರಿದುಬಿದ್ದ ಮೇಲೆ ಸಂಸ್ಥಾನ ನಿಜಾಮನ ಕೈಸೇರಿತು. ಅಲ್ಲಿಂದ ಕೆರೆಯ ಮೀನು ಕಂದಾಯದ ಒಂದು ಬಾಬ್ತು. ಹುಲ್ಲು, ಹುಣಸೆ, ಸೇಂದಿಗಳಂತೆ ಮೀನಿನ ಹಕ್ಕೂ ಲಿಲಾವಿಗೆ ಬರುವ ರೂಢಿ ಬೆಳೆಯಿತು. ಲಿಲಾವಿನ ಪುಸ್ತಕಕ್ಕೆ ಬೇಕಾದದ್ದು ಹಣ ಕಟ್ಟಿದವನ ಹೆಸರು. ನೀರಿಗಿಳಿಯುವವನ ಹೆಸರು ಅದಕ್ಕೆ ಬೇಕಿರಲಿಲ್ಲ. ಇಂದಿನ ಅರ್ಧ ತೊಡಕು ಅಲ್ಲಿಂದಲೇ ಬಂದದ್ದು.

ಬ್ರಿಟಿಷ್ ಭಾರತದಲ್ಲಿ ಸರ್ಜನ್ ಫ್ರಾನ್ಸಿಸ್ ಡೇ 1873ರ ತನ್ನ ವರದಿಯಲ್ಲಿ ವಿಷ ಹಾಕುವುದು, ಸಣ್ಣ ಕಣ್ಣಿನ ಬಲೆಯಿಂದ ಮರಿಗಳನ್ನು ಬಳಿಯುವುದು, ಮೊಟ್ಟೆಯಿಡಲು ಏರುವ ಮೀನನ್ನು ಅಡ್ಡಗಟ್ಟುವುದು ಇವುಗಳಿಂದ ಸಿಹಿನೀರಿನ ಮೀನು ಕ್ಷೀಣಿಸುತ್ತಿದೆಯೆಂದು ಎಚ್ಚರಿಸಿದ. ಸರ್ಕಾರ ಕಿವಿಗೊಡಲು ಇನ್ನೂ ಎರಡು ದಶಕಕ್ಕಿಂತ ಹೆಚ್ಚು ಕಾಲ ಹಿಡಿಯಿತು. 1897ರ ಭಾರತೀಯ ಮೀನುಗಾರಿಕೆ ಕಾಯ್ದೆ ಸಿಡಿಮದ್ದು ಮತ್ತು ವಿಷದಿಂದ ಮೀನು ಕೊಲ್ಲುವುದನ್ನು ಅಪರಾಧವೆಂದಿತು. ಶಿಕ್ಷೆ ಎರಡು ತಿಂಗಳವರೆಗಿನ ಸೆರೆ ಅಥವಾ 200 ರೂಪಾಯಿವರೆಗಿನ ದಂಡ. ನಿಜಾಮನ ಸಂಸ್ಥಾನಕ್ಕೆ ಸೇರಿದ್ದ ಈ ಸೀಮೆ ಮಾತ್ರ ಬ್ರಿಟಿಷ್ ಭಾರತದ ಹೊರಗೆ, ಹಾಗಾಗಿ ಆ ಕಾಯ್ದೆಯ ವ್ಯಾಪ್ತಿಯ ಹೊರಗೆ ಇತ್ತು.

ಅಣೆಕಟ್ಟು ತಂದ ಬದಲಾವಣೆ

ಹೈದರಾಬಾದ್ ಸಂಸ್ಥಾನ 1948ರಲ್ಲಿ ಭಾರತಕ್ಕೆ ಸೇರಿತು. 1956ರ ನವೆಂಬರ್ 1ರಂದು ಕಲಬುರಗಿ ಜಿಲ್ಲೆಯೊಂದಿಗೆ ಈ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಬಂದವು. ಯಾದಗಿರಿ ಪ್ರತ್ಯೇಕ ಜಿಲ್ಲೆಯಾದದ್ದು 2009ರ ಕೊನೆಯಲ್ಲಿ. ಸಂವಿಧಾನದ ಏಳನೆಯ ಅನುಸೂಚಿಯ ಪ್ರಕಾರ ಮೀನುಗಾರಿಕೆ ರಾಜ್ಯದ ವಿಷಯ. ರಾಜ್ಯದ ಜಲವ್ಯಾಪ್ತಿಯಾಚೆಗಿನ ಕಡಲು ಮಾತ್ರ ಕೇಂದ್ರದ್ದು. ಒಳನಾಡಿನ ಯಂತ್ರಚಾಲಿತ ದೋಣಿಗಳ ಸಂಚಾರ ಇಬ್ಬರಿಗೂ ಸೇರಿದ ಪಟ್ಟಿಯಲ್ಲಿದೆ. ಹುಟ್ಟಿನಿಂದ ನಡೆಯುವ ಹರಿಗೋಲು ರಾಜ್ಯದ ಪಾಲಿಗೇ ಉಳಿಯಿತು.

ಮೀನಿನ ಆಡಳಿತವನ್ನು ಬುಡಮಟ್ಟ ಬದಲಿಸಿದ್ದು ಎರಡು ಸಂಗತಿ. ಒಂದು, 1957ರಲ್ಲಿ ಹೀರಾಲಾಲ್ ಚೌಧುರಿಯವರು ಒಡಿಶಾದ ಅಂಗುಲಿನಲ್ಲಿ ಚುಚ್ಚುಮದ್ದಿನ ಮೂಲಕ ಗೆಂಡೆ ಜಾತಿಯ ಮೀನುಗಳಿಂದ ಮೊಟ್ಟೆಯಿಡಿಸಿದ್ದು. ಗಂಗಾ ಬಯಲಿನ ಕಾಟ್ಲಾ, ರೋಹು, ಮೃಗಾಲ್ ಮರಿಗಳನ್ನು ಎಲ್ಲಿ ಬೇಕಾದರೂ ಬೆಳೆಸಿ ಯಾವ ಕೆರೆಗೆ ಬೇಕಾದರೂ ಬಿಡುವುದು ಇದರಿಂದ ಸಾಧ್ಯವಾಯಿತು. ಮೀನು ಬಿತ್ತುವ ಬೆಳೆಯಾದಾಗ, ಬಿತ್ತಿದವರಾರು, ಕೊಯ್ಯುವವರಾರು ಎಂಬ ಪ್ರಶ್ನೆ ಎದ್ದಿತು. ಪರವಾನಗಿಯ ಬೇರು ಈ ಪ್ರಶ್ನೆಯಲ್ಲಿದೆ.

ಎರಡನೆಯದು ಕೃಷ್ಣಾ ಮೇಲ್ದಂಡೆ ಯೋಜನೆ. 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಯೋಜನೆಯಲ್ಲಿ ನಾರಾಯಣಪುರ ಅಣೆಕಟ್ಟು 1982ಕ್ಕೆ ಪೂರ್ಣಗೊಂಡಿತು. ಆಗ ಸುರಪುರ ತಾಲ್ಲೂಕಿನಲ್ಲಿದ್ದ, ಈಗ ಹುಣಸಗಿ ತಾಲ್ಲೂಕಿಗೆ ಸೇರಿರುವ ಈ ಜಾಗದಲ್ಲಿ 492.25 ಮೀಟರ್ ಮಟ್ಟದವರೆಗೆ ನೀರು ನಿಲ್ಲುತ್ತದೆ. ಜಲಾಶಯಕ್ಕೆ ಬಸವಸಾಗರ ಎಂದು ಹೆಸರು. ಬೇಸಿಗೆಯಲ್ಲಿ ಬಂಡೆ, ಮಡುಗಳಾಗಿ ಒಡೆಯುತ್ತಿದ್ದ ಹೊಳೆ ವರ್ಷವಿಡೀ ನಿಲ್ಲುವ ನೀರಾಯಿತು. ನೂರು ಚದರ ಕಿಲೋಮೀಟರಿಗೂ ಹೆಚ್ಚು ಹರಡುವ ಈ ನೀರಿನ ದಂಡೆಗಳು ಯಾದಗಿರಿ, ವಿಜಯಪುರ, ಬಾಗಲಕೋಟೆ, ರಾಯಚೂರು ಹೀಗೆ ಹಲವು ಜಿಲ್ಲೆಗಳಿಗೆ ಹಂಚಿಹೋಗಿವೆ. ಒಂದೇ ಮೀನು ಬೆಳಿಗ್ಗೆ ಒಂದು ಜಿಲ್ಲೆಯಲ್ಲಿ, ಸಂಜೆ ಇನ್ನೊಂದರಲ್ಲಿ ಈಜುತ್ತದೆ. ಲೆಕ್ಕ ಮಾತ್ರ ಆಯಾ ದಂಡೆಯ ಕಚೇರಿಯಲ್ಲಿ ಬೇರೆ ಬೇರೆ.

ಕೆರೆ, ನದಿಪಾತ್ರಗಳಿಗೂ ದೊಡ್ಡ ಜಲಾಶಯಗಳಿಗೂ ಇಲಾಖೆ ಬೇರೆ ಬೇರೆ ಪದ್ಧತಿ ಇಟ್ಟುಕೊಂಡಿದೆ. ಕೆರೆಗಳಲ್ಲಿ ಇಲಾಖೆಯವು, ಗ್ರಾಮ ಪಂಚಾಯಿತಿಯವು ಎಂದು ವಿಂಗಡಣೆ. ಅವುಗಳ ಮೀನು ಹಿಡಿಯುವ ಹಕ್ಕನ್ನು ಸಾಮಾನ್ಯವಾಗಿ ಐದು ವರ್ಷಕ್ಕೆ ಗುತ್ತಿಗೆ ಕೊಡುತ್ತಾರೆ, ಮೀನುಗಾರರ ಸಹಕಾರ ಸಂಘಗಳಿಗೆ ಆದ್ಯತೆಯಿದೆ, ಉಳಿದವು ಟೆಂಡರ್ ಅಥವಾ ಹರಾಜಿಗೆ ಹೋಗುತ್ತವೆ. ದೊಡ್ಡ ಜಲಾಶಯದಲ್ಲಿ ವ್ಯಕ್ತಿಗೆ ವಾರ್ಷಿಕ ಪರವಾನಗಿ: ಇಷ್ಟು ಶುಲ್ಕ ಕಟ್ಟಿದವನು ಒಂದು ಹರಿಗೋಲು ಮತ್ತು ಬಲೆಯೊಂದಿಗೆ ನೀರಿಗಿಳಿಯಬಹುದು. ನಮ್ಮ ಒಳನಾಡಿನಲ್ಲಿ ಹರಿಗೋಲು ಸರ್ಕಾರದ ಕಾಗದಕ್ಕೆ ಇಷ್ಟು ಹತ್ತಿರ ಬಂದದ್ದು ಈ ಪರವಾನಗಿ ಚೀಟಿಯಲ್ಲಿ ಮಾತ್ರ. ಅದೂ ಹಿಡಿಯುವವನಿಗೆ ಕೊಟ್ಟ ಅನುಮತಿಯೇ ಹೊರತು ಹರಿಗೋಲಿನ ನೋಂದಣಿಯಲ್ಲ.

ಕಾಯ್ದೆಯ ರೂಪದಲ್ಲಿ ಇದಕ್ಕೆಲ್ಲ ಆಧಾರ ಕರ್ನಾಟಕ ಒಳನಾಡು ಮೀನುಗಾರಿಕೆ (ಸಂರಕ್ಷಣೆ, ಅಭಿವೃದ್ಧಿ ಮತ್ತು ನಿಯಂತ್ರಣ) ಅಧಿನಿಯಮ, 1996. ವಿಷ, ಸಿಡಿಮದ್ದುಗಳ ನಿಷೇಧ ಇಲ್ಲೂ ಇದೆ. ಆದರೆ ಜಲಾಶಯದ ದೊಡ್ಡ ಪಿಡುಗು ಸಿಡಿಮದ್ದಲ್ಲ, ಬಲೆಯ ಕಣ್ಣು. ತುಂಗಭದ್ರಾ ಮೊದಲಾದ ಕರ್ನಾಟಕದ ಜಲಾಶಯಗಳಲ್ಲಿ ಬಳಕೆಗೆ ಬಂದ ಅಲಿವಿ ಎಂಬ ಭಾರಿ ಎಳೆಬಲೆ ದಂಡೆಯ ನೀರನ್ನೇ ಸೋಸಿದಂತೆ ಎಳೆದು, ಬಿತ್ತಿದ ಮರಿಗಳನ್ನೂ ಬಳಿದು ತರುತ್ತದೆ. ಒಳನಾಡು ಮೀನುಗಾರಿಕೆಯ ವಿಜ್ಞಾನಿಗಳು ಅದರ ಹಾನಿಯನ್ನು ದಶಕಗಳ ಹಿಂದೆಯೇ ಬರೆದಿಟ್ಟಿದ್ದಾರೆ. ಯಾವ ದಂಡೆಯಲ್ಲಿ ಯಾವ ಬಲೆ ಬಿತ್ತು, ಎಷ್ಟು ಗಾತ್ರದ ಮೀನು ಬಂತು ಎಂಬ ದಿನದ ಪುಸ್ತಕ ಇಲ್ಲದ ಕಡೆ ಆ ಹಾನಿಯನ್ನು ಹಿಡಿದು ತೋರಿಸುವುದು ಕಷ್ಟ.

ಕರಾವಳಿಯ ಹೋಲಿಕೆ

ಕರ್ನಾಟಕ ಕಡಲ ಮೀನುಗಾರಿಕೆ (ನಿಯಂತ್ರಣ) ಅಧಿನಿಯಮ 1986ರದು. ದೋಣಿಗೆ ನೋಂದಣಿ, ಮೀನು ಹಿಡಿಯಲು ಪರವಾನಗಿ, ಮುಂಗಾರಿನಲ್ಲಿ ಯಾಂತ್ರಿಕ ದೋಣಿಗಳಿಗೆ ರಜೆ ಇವೆಲ್ಲ ಅದರ ಅಡಿಯಲ್ಲಿ ಬಂದವು. 2008ರ ನವೆಂಬರ್ 26ರ ಮುಂಬೈ ದಾಳಿಕೋರರು ಪೋರಬಂದರಿನ ಕುಬೇರ್ ಎಂಬ ಮೀನುಗಾರಿಕೆ ದೋಣಿಯನ್ನು ಅಪಹರಿಸಿ ಬಂದದ್ದು ಗೊತ್ತಾದ ಮೇಲೆ ದೇಶದ ಕಡಲ ದೋಣಿಗಳ ದಾಖಲಾತಿ ಬಿಗಿಯಾಯಿತು: ಒಂದೇ ಮಾದರಿಯ ಸಂಖ್ಯೆ, ರಾಜ್ಯಕ್ಕೊಂದು ಬಣ್ಣ, ಮೀನುಗಾರರಿಗೆ ಗುರುತಿನ ಚೀಟಿ, ಆನ್‌ಲೈನ್ ನೋಂದಣಿ. 2010ರಿಂದ ಯುರೋಪಿನ ಒಕ್ಕೂಟ ಆಮದು ಮೀನಿಗೆ ಎಲ್ಲಿ, ಯಾವ ದೋಣಿ ಹಿಡಿದದ್ದೆಂಬ ಪ್ರಮಾಣಪತ್ರ ಕೇಳತೊಡಗಿದಾಗ ಮಲ್ಪೆ, ಮಂಗಳೂರಿನಂಥ ಬಂದರುಗಳಲ್ಲಿ ಲೆಕ್ಕಕ್ಕೆ ಬೆಲೆ ಬಂತು. ಭದ್ರತೆ ಮತ್ತು ರಫ್ತು, ಈ ಎರಡರ ಒತ್ತಡ ಕಡಲಿನ ದಾಖಲೆಯನ್ನು ಬೆಳೆಸಿತು. ಕೃಷ್ಣೆಯ ಮೀನಿಗೆ ಎರಡೂ ಇರಲಿಲ್ಲ.

ಮೀನು ಕಡಿಮೆಯಿತ್ತೆಂದು ಲೆಕ್ಕ ಇಡಲಿಲ್ಲ ಎನ್ನುವಂತಿಲ್ಲ. 1950-51ರಲ್ಲಿ ದೇಶದ 7.52 ಲಕ್ಷ ಟನ್ ಮೀನಿನಲ್ಲಿ ಒಳನಾಡಿನದು 2.18 ಲಕ್ಷ ಟನ್. 2022-23ರಲ್ಲಿ 175.45 ಲಕ್ಷ ಟನ್ನಿನಲ್ಲಿ 131.13 ಲಕ್ಷ ಟನ್ ಒಳನಾಡಿನದೇ. ಇದರ ಬಹುಪಾಲು ಸಾಕಣೆಯ ಮೀನು. ನದಿ, ಜಲಾಶಯಗಳ ಪಾಲನ್ನು ಮಾದರಿ ಸಮೀಕ್ಷೆ ಮತ್ತು ಅಂದಾಜಿನ ಮೇಲೆ ಬರೆಯುತ್ತಾರೆ. ಚದುರಿದ ಇಳಿದಾಣಗಳಲ್ಲಿ ಹಿಡಿಯುವ ಮೀನು ಲೆಕ್ಕಕ್ಕೆ ಸಿಗದೆ ಹೋಗುತ್ತದೆಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಜಗತ್ತಿನ ಎಲ್ಲ ಒಳನಾಡು ಮೀನುಗಾರಿಕೆಯ ಬಗ್ಗೆಯೂ ಹೇಳುತ್ತ ಬಂದಿದೆ.

ಹರಿಗೋಲು ಮತ್ತು ಹೊಳೆಯ ಅಪಾಯ

ಬಿದಿರ ಹಂದರ ಹೆಣೆದು ಹಿಂದೆ ಚರ್ಮ, ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿದ ಹರಿಗೋಲು ದಖ್ಖನಿನ ಬಂಡೆಗಲ್ಲಿನ ಹೊಳೆಗಳಿಗೆ ಹೇಳಿಮಾಡಿಸಿದ್ದು. ತಳ ಚಪ್ಪಟೆಯಾದ್ದರಿಂದ ಮೊಣಕಾಲುದ್ದ ನೀರಿನಲ್ಲೂ ತೇಲುತ್ತದೆ, ಬಂಡೆಗೆ ಬಡಿದರೆ ಬಗ್ಗುತ್ತದೆ, ಒಬ್ಬನೇ ತಲೆಯ ಮೇಲೆ ಹೊತ್ತೊಯ್ಯಬಹುದು. ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ತುಂಗಭದ್ರೆಯಲ್ಲಿ ಇಂಥ ಗುಂಡನೆಯ ದೋಣಿಗಳನ್ನು ಕಂಡು ಬರೆದಿದ್ದಾನೆ. ಫೈಬರ್ ಹರಿಗೋಲುಗಳು ಇತ್ತೀಚಿನವು. ಬಡ ಮೀನುಗಾರ ಇಂದಿಗೂ ಥರ್ಮೋಕೋಲ್ ತುಂಡು ಅಥವಾ ಲಾರಿ ಟ್ಯೂಬಿನ ಮೇಲೆ ಕುಳಿತೇ ಬಲೆ ಬಿಡುವುದುಂಟು.

ನಾರಾಯಣಪುರದ ಗೇಟು ಎತ್ತಿದಾಗ ಕೆಳಗಿನ ಹೊಳೆ ಕೆಲವೇ ಗಂಟೆಗಳಲ್ಲಿ ಬದಲಾಗುತ್ತದೆ. ನದಿ ನಡುವಿನ ನೀಲಕಂಠರಾಯನ ಗಡ್ಡಿ ಆಗ ದಂಡೆಯಿಂದ ಕಡಿದುಹೋಗುತ್ತದೆ, ಹರಿಗೋಲು ಬಿಡುವುದು ನಿಲ್ಲುತ್ತದೆ. 2014ರ ಮಳೆಗಾಲದಲ್ಲಿ ಆ ಗಡ್ಡಿಯ ತುಂಬು ಗರ್ಭಿಣಿಯೊಬ್ಬರು ಒಣಗಿದ ಸೋರೆಬುರುಡೆಗಳ ಆಸರೆಯಲ್ಲಿ ಪ್ರವಾಹ ಈಜಿ ದಂಡೆ ಸೇರಿದ ಸುದ್ದಿ ದೇಶದಾಚೆಗೂ ಹೋಯಿತು. ನೀರು ಬಿಡುವ ಎಚ್ಚರಿಕೆಯನ್ನು ಡಂಗುರ, ಧ್ವನಿವರ್ಧಕಗಳಲ್ಲಿ ಸಾರುತ್ತಾರೆ. ಹೊಳೆಯಲ್ಲಿ ಆ ಹೊತ್ತಿಗೆ ಎಷ್ಟು ಹರಿಗೋಲುಗಳಿವೆ, ಎಷ್ಟು ದಂಡೆಗೆ ಬಂದವು ಎಂದು ಎಣಿಸಬೇಕಾದರೆ ಮೊದಲು ಪಟ್ಟಿ ಬೇಕು. ಜೀವ ಹೋದ ಮೇಲೆ ವಿಮೆಯ ಹಣ ಕೇಳುವ ಹೆಂಡತಿ ಮಕ್ಕಳಿಗೂ ಬೇಕಾದದ್ದು ಅದೇ: ಇವನು ಮೀನುಗಾರ ಎನ್ನುವ ಒಂದು ಬರಹ. ಗುತ್ತಿಗೆದಾರನ ಕೈಕೆಳಗೆ ಕೂಲಿಗೆ ಬಲೆ ಹಾಕುವವನ ಹೆಸರು ಗುತ್ತಿಗೆಯ ಕರಾರಿನಲ್ಲಿ ಇರುವುದಿಲ್ಲ.

ಈಚಿನ ವರ್ಷಗಳು

ಎರಡು ಬಾಗಿಲು ಈಚೆಗೆ ತೆರೆದಿವೆ. 2021ರ ಒಳನಾಡು ನೌಕೆಗಳ ಕಾಯ್ದೆ, 1917ರ ಹಳೆಯ ಕಾಯ್ದೆಯ ಜಾಗದಲ್ಲಿ ಬಂದದ್ದು, ಯಂತ್ರವಿಲ್ಲದ ದೋಣಿಗಳ ಬಗ್ಗೆಯೂ ಒಂದು ಅಧ್ಯಾಯವಿಟ್ಟು, ಅವುಗಳನ್ನು ಸ್ಥಳೀಯ ಸಂಸ್ಥೆಗಳ ಮೂಲಕ ಪಟ್ಟಿಮಾಡಿಸಲು ಅವಕಾಶ ಕೊಟ್ಟಿದೆ. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಮೀನುಗಾರಿಕೆ ಡಿಜಿಟಲ್ ವೇದಿಕೆಯನ್ನು ಆರಂಭಿಸಿತು. ಮೀನುಗಾರರು, ಸಾಕಣೆದಾರರು, ಮಾರುವವರು ಅದರಲ್ಲಿ ಹೆಸರು ಬರೆಸಬಹುದು. ಇವು ವ್ಯಕ್ತಿಗೆ ಗುರುತು ಕೊಡುತ್ತವೆ, ಹಿಡಿದ ಮೀನನ್ನು ತೂಗುವುದಿಲ್ಲ. ತೂಕ ನಡೆಯುವುದು ದಂಡೆಯಲ್ಲಿ, ಮುಂಗಡ ಕೊಟ್ಟ ಖರೀದಿದಾರನ ತಕ್ಕಡಿಯಲ್ಲಿ, ಅವನ ಚೀಟಿಯಲ್ಲಿ.

ನೀರಿನ ಗುತ್ತಿಗೆಯಿಂದ ಸರ್ಕಾರಕ್ಕೆ ಆದಾಯ ಬಂತು. ಮೀನುಗಾರನಿಗೆ ಅದರಿಂದ ಹಕ್ಕಿನ ದಾಖಲೆ ಸಿಗಲಿಲ್ಲ. ಇದನ್ನು ಸರಿಪಡಿಸಲು ಹೊಸ ಕಾಯ್ದೆ ಬೇಕಿಲ್ಲ. ಕೃಷ್ಣಾ ಮತ್ತು ಭೀಮಾ ದಂಡೆಯ ಗ್ರಾಮ ಪಂಚಾಯಿತಿಗಳು ತಮ್ಮ ಊರಿನ ಹರಿಗೋಲುಗಳನ್ನು ಮಾಲೀಕರ ಮತ್ತು ಹುಟ್ಟು ಹಾಕುವವರ ಹೆಸರಿನೊಂದಿಗೆ ಬರೆದಿಡಲಿ. ಸಹಕಾರ ಸಂಘಗಳು ಇಳಿದಾಣದಲ್ಲಿ ತಮ್ಮದೇ ತಕ್ಕಡಿ ಇಟ್ಟು ದಿನದ ಮೀನನ್ನು ಪುಸ್ತಕಕ್ಕೆ ಏರಿಸಲಿ. ಬಸವಸಾಗರಕ್ಕೆ ಸೇರಿದ ಜಿಲ್ಲೆಗಳ ಮೀನುಗಾರಿಕೆ ಕಚೇರಿಗಳು ಆ ಪುಸ್ತಕಗಳನ್ನು ಒಂದೆಡೆ ಕೂಡಿಸಲಿ.