ಕಾಳಿ ಸೀಮೆಗೆ ಬಂದ ತಂತಿ

ದಾಂಡೇಲಿ ಎಂದರೆ ಕಾಗದ. 1959ರಲ್ಲಿ ಇಲ್ಲಿ ಉತ್ಪಾದನೆ ಆರಂಭಿಸಿದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್‌ಗೆ ಬಿದಿರು ಕಾಡಿನಿಂದ ಬಂತು, ನೀರು ಕಾಳಿ ನದಿಯಿಂದ. ಅದೇ ಕಂಪನಿ ಇಂದು ಮೈಸೂರಿನಲ್ಲಿ ಆಪ್ಟಿಕಲ್ ಫೈಬರ್ ಕೇಬಲ್ ಕೂಡ ತಯಾರಿಸುತ್ತದೆ. ದನಿ, ಚಿತ್ರ, ಅಕ್ಷರ ಮೂರನ್ನೂ ಒಂದೇ ತಂತಿಯಲ್ಲಿ ಸಾಗಿಸುವ ವಿದ್ಯೆಯ ಚರಿತ್ರೆಯನ್ನು ಬೆಂಗಳೂರಿನ ಪ್ರಯೋಗಾಲಯಗಳಿಗಷ್ಟೇ ಸೀಮಿತಗೊಳಿಸಿದರೆ ಈ ಸೀಮೆಗೆ ಅನ್ಯಾಯವಾಗುತ್ತದೆ. ಅದರ ದೊಡ್ಡ ಘಟ್ಟವೊಂದು ನಡೆದದ್ದು ಹಳಿಯಾಳದ ಉತ್ತರಕ್ಕಿರುವ ಕಿತ್ತೂರಿನಲ್ಲಿ.

1984ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಸಿ-ಡಾಟ್ ಸಂಸ್ಥೆಯನ್ನು ಕಟ್ಟಿತು. ದೂರಸಂಪರ್ಕ ಎಂಜಿನಿಯರ್ ಸ್ಯಾಮ್ ಪಿತ್ರೋಡಾ ಮುಂದೆ ನಿಂತರು. ದೇಶದ್ದೇ ಆದ ಡಿಜಿಟಲ್ ಟೆಲಿಫೋನ್ ಎಕ್ಸ್‌ಚೇಂಜ್ ರೂಪಿಸಲು ಕೊಟ್ಟದ್ದು 36 ತಿಂಗಳು, 36 ಕೋಟಿ ರೂಪಾಯಿ. ಪರವೂರಿಗೆ ಮಾತಾಡಲು ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾಯುತ್ತಿದ್ದ ಕಾಲವದು. ವಿದೇಶಿ ಎಕ್ಸ್‌ಚೇಂಜ್‌ಗಳಿಗೆ ಏಸಿ ಕೋಣೆ ಬೇಕಿತ್ತು. ಕರೆಂಟೇ ನೆಚ್ಚಲಾಗದ ಹಳ್ಳಿಯಲ್ಲಿ ಅದನ್ನು ಎಲ್ಲಿಂದ ತರುವುದು? ಸಿ-ಡಾಟ್ ಎಂಜಿನಿಯರುಗಳು ಕಡಿಮೆ ವಿದ್ಯುತ್ ಬೇಡುವ, ಸೆಕೆ ದೂಳು ತಾಳುವ, 128 ಪೋರ್ಟ್‌ಗಳ ಪುಟ್ಟ ಎಕ್ಸ್‌ಚೇಂಜ್ ಮಾಡಿದರು. ಅದರಲ್ಲಿ ಮೊದಲನೆಯದು 1986ರಲ್ಲಿ ಕಿತ್ತೂರಿನಲ್ಲಿ ಕೆಲಸಕ್ಕೆ ಇಳಿಯಿತು. ಊರಿನ ಕಷ್ಟವನ್ನು ಮೊದಲು ಲೆಕ್ಕಕ್ಕೆ ತೆಗೆದುಕೊಂಡು ಆಮೇಲೆ ಯಂತ್ರ ಕಟ್ಟಿದ ಆ ಕ್ರಮ, ನಮ್ಮ ದೂರಸಂಪರ್ಕದ ಚರಿತ್ರೆಯಲ್ಲೇ ಅತ್ಯಂತ ಹೆಮ್ಮೆಪಡಬೇಕಾದ ಸಂಗತಿ.

ಡಿಜಿಟಲ್ ಎಕ್ಸ್‌ಚೇಂಜ್‌ ಮನುಷ್ಯನ ದನಿಯನ್ನು ಸೆಕೆಂಡಿಗೆ 8,000 ಸಲ ಅಳೆಯುತ್ತದೆ. ಪ್ರತಿ ಅಳತೆಗೆ 8 ಬಿಟ್. ಒಟ್ಟು ಸೆಕೆಂಡಿಗೆ 64,000 ಬಿಟ್. ದನಿ ಹೀಗೆ ಅಂಕಿಯಾದ ಮೇಲೆ ಅದಕ್ಕೂ ಪತ್ರದ ಅಕ್ಷರಕ್ಕೂ ಫೋಟೊದ ಚುಕ್ಕೆಗೂ ತಂತಿಯ ಮಟ್ಟಿಗೆ ಭೇದವಿಲ್ಲ.

ಭೇದ ಇರುವುದು ಸಮಯದಲ್ಲಿ. ಈ ಸಮಯದ ತೊಡಕನ್ನು ಬಿಡಿಸುವ ಕೆಲಸದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ತೊಡಗಿತ್ತು. 1986ರಲ್ಲಿ ಶುರುವಾದ, ಐಐಟಿಗಳೂ ಸೇರಿದ್ದ, ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳ ಕಂಪ್ಯೂಟರ್ ಜಾಲವಾದ ಅರ್ನೆಟ್ ಯೋಜನೆಯಲ್ಲಿ ಈ ಸಂಸ್ಥೆ ಪಾಲುದಾರ. ಅಮೆರಿಕದ ಬೆಲ್ ಲ್ಯಾಬ್ಸ್ ಬಿಟ್ಟು ಬಂದ ಅನುರಾಗ್ ಕುಮಾರ್ 1988ರಿಂದ ಇಲ್ಲಿ ಅದರ ಸಂಯೋಜಕರಾಗಿದ್ದರು. ಕ್ಯಾಂಪಸ್ಸಿನೊಳಗಿನ ಜಾಲಗಳಿಗೆ ಆಗ ಈಥರ್ನೆಟ್ ಇತ್ತು, ಸೆಕೆಂಡಿಗೆ 1 ಕೋಟಿ ಬಿಟ್. ಇಮೇಲ್ ಅರ್ಧ ನಿಮಿಷ ತಡವಾದರೆ ನಷ್ಟವಿಲ್ಲ. ಮಾತು ಕಾಲು ಸೆಕೆಂಡ್ ತಡವಾದರೂ ಇಬ್ಬರೂ ಒಟ್ಟಿಗೆ ಬಾಯಿ ತೆರೆದು ಸಂಭಾಷಣೆ ಕೆಡುತ್ತದೆ.

ಜೋಯಿಡಾ ತಾಲ್ಲೂಕಿನ ಉಳವಿ ಜಾತ್ರೆಗೆ ಕಾಡು ರಸ್ತೆಯಲ್ಲಿ ಸಾಲುಗಟ್ಟಿ ಹೋಗುವ ಚಕ್ಕಡಿಗಳನ್ನು ಕಂಡವರಿಗೆ ತೊಡಕು ತಿಳಿಯುತ್ತದೆ: ಉದ್ದನೆಯ ಸಾಲಿನ ಹಿಂದೆ ಸಿಕ್ಕಿಕೊಂಡವನಿಗೆ ಎಷ್ಟು ಅವಸರವಿದ್ದರೂ ದಾರಿ ಇಲ್ಲ. 1990ರ ದಶಕದ ಎಟಿಎಂ (ಅಸಿಂಕ್ರನಸ್ ಟ್ರಾನ್ಸ್‌ಫರ್ ಮೋಡ್) ಜಾಲತಂತ್ರ ಇದಕ್ಕೆ ಉತ್ತರ ಹುಡುಕಿತು. ಎಲ್ಲ ಮಾಹಿತಿಯನ್ನೂ 53 ಬೈಟ್‌ಗಳ ತುಣುಕುಗಳಾಗಿ ಕತ್ತರಿಸು, 5 ಬೈಟ್ ವಿಳಾಸಕ್ಕೆ, 48 ಸರಕಿಗೆ. ಮಾತಿನ ತುಣುಕು ಬಂದಾಗ ದೊಡ್ಡ ಕಡತದ ನಡುವೆಯೇ ಅದನ್ನು ಮುಂದೆ ಬಿಡು. ಯಾರಿಗೆ ಎಷ್ಟು ಪಾಲು, ಎಷ್ಟು ತಡ ಸಹ್ಯ ಎಂಬುದು ಶುದ್ಧ ಗಣಿತದ ಪ್ರಶ್ನೆ. ಕುಮಾರ್, ಡಿ. ಮಂಜುನಾಥ್, ಜಾಯ್ ಕುರಿ ಬರೆದು 2004ರಲ್ಲಿ ಪ್ರಕಟಿಸಿದ ಪಠ್ಯಪುಸ್ತಕದಲ್ಲಿ ಆ ಗಣಿತ ವಿಸ್ತಾರವಾಗಿದೆ.

ಕಟ್ಟಡಗಳೊಳಗೆ ಮಾತ್ರ ಗೆದ್ದದ್ದು ಈಥರ್ನೆಟ್ಟೇ. 1995ರಲ್ಲಿ ಅದರ ವೇಗ ಹತ್ತು ಪಟ್ಟು, 1998ರಲ್ಲಿ ಮತ್ತೆ ಹತ್ತು ಪಟ್ಟು ಏರಿತು, ಬೆಲೆ ಇಳಿಯಿತು. ಸೋತ ಎಟಿಎಂ ಬೇರೆ ಬಾಗಿಲಿನಿಂದ ಮನೆ ಹೊಕ್ಕಿತು. 2005ರಲ್ಲಿ ಬಿಎಸ್‌ಎನ್‌ಎಲ್ ಲ್ಯಾಂಡ್‌ಲೈನ್ ತಂತಿಯ ಮೇಲೆಯೇ ಬ್ರಾಡ್‌ಬ್ಯಾಂಡ್ ಕೊಡಲಾರಂಭಿಸಿದಾಗ ಮೋಡೆಮ್‌ಗಳೊಳಗೆ ಓಡಿದ್ದು ಅದೇ 53 ಬೈಟ್ ತುಣುಕುಗಳು. ಆದರೆ ತಾಮ್ರದ ತಂತಿಗೆ ದೂರವೇ ಶತ್ರು. ಎಕ್ಸ್‌ಚೇಂಜ್‌ನಿಂದ ನಾಲ್ಕೈದು ಕಿಲೋಮೀಟರ್ ದಾಟಿದರೆ ವೇಗ ಕುಸಿಯುತ್ತದೆ. ಪೇಟೆಯ ಮನೆಗಳಿಗೆ ಒದಗಿದ್ದು ಕಾಡಿನ ಕೇರಿಗಳಿಗೆ ಒದಗದೆ ಹೋದದ್ದು ಹೀಗೆ.

ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡದ ಕಥೆ ಬೇರೆ. 1966ರಿಂದ ಟಿಬೆಟನ್ನರು ನೆಲೆಸಿರುವ ಅಲ್ಲಿನ ಡ್ರೆಪುಂಗ್ ಮಠದಲ್ಲಿ 2013ರ ಜನವರಿಯಲ್ಲಿ ದಲೈ ಲಾಮಾ, ಭಿಕ್ಷುಗಳು ಮತ್ತು ವಿಜ್ಞಾನಿಗಳು ಆರು ದಿನ ಸಂವಾದ ನಡೆಸಿದರು. ಅದರ ದೃಶ್ಯಗಳು ಇಂಟರ್ನೆಟ್ ಮೂಲಕ ಜಗತ್ತಿನಾದ್ಯಂತ ತಲುಪಿದವು.

ಅದೇ ಜಿಲ್ಲೆಯ ಜೋಯಿಡಾಕ್ಕೆ ಬಂದರೆ ಚಿತ್ರ ಬದಲಾಗುತ್ತದೆ. ಸೂಪಾ ಪಟ್ಟಣ ಕಾಳಿಯ ಅಣೆಕಟ್ಟಿನ ನೀರಿನಡಿ ಹೋದ ಮೇಲೆ ತಾಲ್ಲೂಕು ಕೇಂದ್ರವಾದ ಊರು ಇದು. ನಾಡಿಗೆ ಬೆಳಕು ಕೊಟ್ಟ ಜನ, ತಮ್ಮ ಫೋನಿನ ಸಿಗ್ನಲ್‌ಗಾಗಿ ಗುಡ್ಡ ಹತ್ತುವಂತಾಯಿತು. ಇಲ್ಲಿನ ಕುಣಬಿ ಸಮುದಾಯದವರ ಮನೆಗಳು ಚದುರಿ ನಿಂತಿವೆ. ಸುತ್ತಲೂ ಹುಲಿ ಸಂರಕ್ಷಿತ ಪ್ರದೇಶ. ಕೇಬಲ್ ಹೂಳಲು, ಟವರ್ ನಿಲ್ಲಿಸಲು ಅರಣ್ಯ ಕಾನೂನಿನ ಅನುಮತಿ ಬೇಕು, ಬೇಕಾದದ್ದೇ ನ್ಯಾಯ ಕೂಡ. 2011ರಲ್ಲಿ ಒಪ್ಪಿಗೆ ಪಡೆದ, ಈಗ ಭಾರತ್‌ನೆಟ್ ಎಂದು ಕರೆಯುವ ಯೋಜನೆ ಫೈಬರನ್ನು ಗ್ರಾಮ ಪಂಚಾಯ್ತಿವರೆಗೆ ಒಯ್ಯುವ ಗುರಿ ಹೊತ್ತಿತ್ತು. ಪಂಚಾಯ್ತಿ ಕಟ್ಟೆಯಿಂದ ಒಂಟಿ ಮನೆಗೆ ಇರುವ ಕಾಡುದಾರಿಯೇ ಇಲ್ಲಿ ನಿಜವಾದ ದೂರ.

ನೆಟ್‌ವರ್ಕ್ ಇಲ್ಲದ 24,680 ಹಳ್ಳಿಗಳಿಗೆ 4ಜಿ ಒದಗಿಸಲು ಕೇಂದ್ರ ಸಂಪುಟ 2022ರಲ್ಲಿ 26,316 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ಬಿಎಸ್‌ಎನ್‌ಎಲ್‌ನ ದೇಶಿ 4ಜಿಗೆ ಕೇಂದ್ರಭಾಗದ ತಂತ್ರಾಂಶ ಸಿ-ಡಾಟ್‌ನದು, ರೇಡಿಯೊ ಉಪಕರಣ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ನದು. ಜೋಯಿಡಾದ ಟವರ್‌ಗಳಿಗೆ ಬಯಲುಸೀಮೆಯ ಲೆಕ್ಕ ಒಪ್ಪದು. ಮಳೆಗಾಲದಲ್ಲಿ ಮರ ಬಿದ್ದು ವಿದ್ಯುತ್ ತಂತಿ ತುಂಡಾಗುತ್ತದೆ, ಮೋಡದ ದಿನಗಳಲ್ಲಿ ಸೌರಫಲಕ ಸೊರಗುತ್ತದೆ. ಬ್ಯಾಟರಿ ಎಷ್ಟು ದೊಡ್ಡದಿರಬೇಕು ಎಂಬುದನ್ನು ಜುಲೈ ತಿಂಗಳನ್ನು ನೋಡಿಯೇ ಗೊತ್ತುಮಾಡಬೇಕು. ಫೈಬರ್ ಈಗಾಗಲೇ ಇರುವ ರಸ್ತೆಯ ಅಂಚಿನಲ್ಲೇ ಹೋಗಬೇಕು.