ಬಾಲೂನ ಬೆರಳು ಬೇಕು, ನಾಯಕತ್ವ ಬೇಡ

ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆ ಭತ್ತ ಕೊಯ್ದ ಗದ್ದೆಯಲ್ಲಿ ಕ್ರಿಕೆಟ್ ಆಡೋ ಹುಡುಗರನ್ನು ಕೇಳಿ ನೋಡಿ. ಗಾವಸ್ಕರ್ ಗೊತ್ತು, ತೆಂಡೂಲ್ಕರ್ ಗೊತ್ತು. ಪಾಲವಂಕರ ಬಾಲೂ ಅಂದರೆ "ಯಾರ್ರೀ ಅವ?" ಅಂತಾರೆ. ಅವನು ಹುಟ್ಟಿದ್ದು ನಮ್ಮ ಧಾರವಾಡದಲ್ಲೇ, ೧೮೭೦ರ ದಶಕದ ನಡುವೆ, ಚಮಾರ ಜಾತಿಯಲ್ಲಿ. ಈ ದೇಶದ ಮೊದಲ ದೊಡ್ಡ ಎಡಗೈ ಸ್ಪಿನ್ ಬೌಲರ್ ಅವನು.

ಬಾಲೂ ಮೈದಾನಕ್ಕೆ ಬಂದದ್ದು ಆಟಗಾರನಾಗಿ ಅಲ್ಲ, ಕಸ ಗುಡಿಸುವವನಾಗಿ. ಪುಣೆಯಲ್ಲಿ ಪಾರ್ಸಿಗಳ ಕ್ಲಬ್ಬಿನಲ್ಲಿ ಪಿಚ್ಚು ಗುಡಿಸಿ ರೋಲರ್ ಎಳೆದರೆ ತಿಂಗಳಿಗೆ ೩ ರೂಪಾಯಿ. ೧೮೯೨ರಲ್ಲಿ ಇಂಗ್ಲಿಷರ ಪೂನಾ ಕ್ಲಬ್ಬು ಸೇರಿದ. ಅಲ್ಲಿ ೪ ರೂಪಾಯಿ. ನೆಟ್ಟಿನಲ್ಲಿ ಸಾಹೇಬರಿಗೆ ತಾಸುಗಟ್ಟಲೆ ಚೆಂಡು ಎಸೆದ. ಆದರೆ ಅವನ ಕೈಗೆ ಬ್ಯಾಟು ಕೊಟ್ಟವರಿಲ್ಲ. ಬ್ಯಾಟು ದೊರೆಗೆ, ಬೆವರು ಆಳಿಗೆ!

ಸಾಹೇಬರನ್ನು ಸೋಲಿಸಬೇಕೆಂಬ ಹಟಕ್ಕೆ ಪುಣೆಯ ಹಿಂದೂ ತಂಡ ಅವನನ್ನು ಕರೆಯಿತು. ಮೈದಾನದಲ್ಲಿ ಮೇಲುಜಾತಿಯವರು ಅವನು ಮುಟ್ಟಿದ ಚೆಂಡನ್ನೇ ಹಿಡಿದರು. ಚಹಾದ ಹೊತ್ತಿಗೆ ಮಾತ್ರ ಅವನನ್ನು ಹೊರಗೆ ನಿಲ್ಲಿಸಿ ಮಣ್ಣಿನ ಕುಡಿಕೆಯಲ್ಲಿ ಕೊಟ್ಟರು. ಚೆಂಡಿಗೆ ಮೈಲಿಗೆ ಇಲ್ಲ, ಬಟ್ಟಲಿಗೆ ಉಂಟು. ಹೋಟೆಲಿನಲ್ಲಿ ಬೇರೆ ಕಪ್ಪು ಇಟ್ಟದ್ದನ್ನು ಕಂಡ ನಮ್ಮ ಸೀಮೆಯ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

೧೮೯೬ರ ಹೊತ್ತಿಗೆ ಬಾಲೂ ಮುಂಬಯಿಯ ಹಿಂದೂ ಜಿಮಖಾನಾಕ್ಕೆ ಆಡಿದ. ೧೯೦೬ರಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು ೧೦೯ ರನ್ನುಗಳಿಂದ ಬಡಿಯಿತು. ಅದರಲ್ಲಿ ಬಾಲೂನ ಬೆರಳಿನ ಪಾಲು ದೊಡ್ಡದು. ೧೯೧೧ರಲ್ಲಿ ಭಾರತ ತಂಡ ಇಂಗ್ಲೆಂಡಿಗೆ ಹೋಯಿತು. ತಂಡ ಸೋತರೂ ಬಾಲೂ ಎಲ್ಲ ಪಂದ್ಯ ಸೇರಿ ೧೦೦ಕ್ಕೂ ಹೆಚ್ಚು ವಿಕೆಟ್ ಕಿತ್ತ.

ಇಷ್ಟಾದ ಮೇಲೆ ಅವನು ನಾಯಕನಾಗಬೇಕಿತ್ತಲ್ಲ? ಆಗಲಿಲ್ಲ. ೧೯೧೦ರಿಂದ ೧೯೨೦ರವರೆಗೆ ಅವನ ಹೆಸರು ಮತ್ತೆ ಮತ್ತೆ ಬಂತು, ಮತ್ತೆ ಮತ್ತೆ ಬಿತ್ತು. ನಾಯಕನಾಗಿದ್ದ ಎಂ.ಡಿ. ಪೈ ಅವರೇ ಈ ಮಾನ ಹಿರಿಯನಾದ ಬಾಲೂಗೆ ಸಲ್ಲಬೇಕಿತ್ತು ಅಂದರು. ಕಮಿಟಿ ಕೇಳಲಿಲ್ಲ. ೧೯೨೦ರಲ್ಲಿ ಬಾಲೂನನ್ನು ತಂಡದಿಂದಲೇ ಬಿಟ್ಟರು. ತಮ್ಮ ವಿಠ್ಠಲನ ಹಕ್ಕನ್ನೂ ದಾಟಿಸಿದರು. ಆಗ ವಿಠ್ಠಲ, ಶಿವರಾಮ ಇಬ್ಬರೂ "ನಾವು ಆಡೋದಿಲ್ಲ" ಅಂತ ಹೊರಬಂದರು, ಜಾತಿ ನೋಡಿದ್ದೀರಿ ಅಂತ ಬಹಿರಂಗವಾಗಿ ಹೇಳಿದರು. ಗದ್ದಲವಾಯಿತು. ಕಮಿಟಿ ಬಗ್ಗಿತು: ಬಾಲೂ ಉಪನಾಯಕನಾಗಿ ಬಂದ. ಪೈ ಮೈದಾನ ಬಿಟ್ಟು ಹೋದಷ್ಟು ಹೊತ್ತು ತಂಡವನ್ನು ನಡೆಸಿದ. ಅಷ್ಟೇ! ೧೯೨೩ರಲ್ಲಿ ವಿಠ್ಠಲ ನಾಯಕನಾದ, ತಂಡ ಗೆದ್ದಿತು. ಅಣ್ಣನಿಗೆ ಮಾತ್ರ ವಯಸ್ಸು ಮುಗಿದಿತ್ತು.

ಇದನ್ನು 'ವಿವಾದ' ಅನ್ನುತ್ತಾರೆ. ಹತ್ತು ವರ್ಷ ಅನ್ಯಾಯ ನಡೆದಾಗ ವಿವಾದ ಇರಲಿಲ್ಲ, ಇಬ್ಬರು ತಮ್ಮಂದಿರು ಬಾಯಿ ಬಿಟ್ಟ ದಿನ ವಿವಾದ ಹುಟ್ಟಿತು. ಈ ಲೆಕ್ಕ ನಮ್ಮ ದೇಶದ್ದಷ್ಟೇ ಅಲ್ಲ. ೧೯೯೧ರಲ್ಲಿ ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಾರ, ಕರಿಯ ಕ್ರೇಗ್ ಹಾಜಸ್, ಗೆದ್ದ ತಂಡದ ಜೊತೆ ಶ್ವೇತಭವನಕ್ಕೆ ಹೋದ. ಆಫ್ರಿಕದ ಉಡುಪು ತೊಟ್ಟು, ಕರಿಯರ ಮತ್ತು ಬಡವರ ಪಾಡನ್ನು ಬರೆದು ಅಧ್ಯಕ್ಷ ಬುಷ್‌ಗೆ ಪತ್ರ ಕೊಟ್ಟ. ೧೯೯೨ರಲ್ಲಿ ಶಿಕಾಗೊ ತಂಡ ಅವನನ್ನು ಬಿಟ್ಟಿತು. ಆ ಲೀಗಿನ ಬೇರೆ ಯಾವ ತಂಡವೂ ಕರೆಯಲಿಲ್ಲ. ದೂರದಿಂದ ಬುಟ್ಟಿಗೆ ಎಸೆಯುವ ಸ್ಪರ್ಧೆಯನ್ನು ಸತತ ಮೂರು ವರ್ಷ ಗೆದ್ದ ಕೈ ಅದು!

ಬಾಲೂನನ್ನು ಪಟದಲ್ಲಿಟ್ಟು ಪೂಜಿಸುವುದೂ ಬೇಡ. ಯುವಕ ಅಂಬೇಡ್ಕರರು ಅವನನ್ನು ಮೆಚ್ಚಿದ್ದರು. ಆದರೆ ಮುಂದೆ ಅವನು ಗಾಂಧಿಯ ಕಡೆ ನಿಂತ. ೧೯೩೭ರ ಚುನಾವಣೆಯಲ್ಲಿ ಕಾಂಗ್ರೆಸ್ಸಿನಿಂದ ಬಾಬಾಸಾಹೇಬರ ಎದುರೇ ಸ್ಪರ್ಧಿಸಿದ. ಅವರಿಗೆ ೧೩,೨೪೫ ಮತ, ಇವನಿಗೆ ೧೧,೨೨೫. ನಾಯಕತ್ವ ಕೊಡದವರ ಜಗತ್ತು ಮತ ಒಡೆಯಲು ಅವನನ್ನು ಹುಡುಕಿಕೊಂಡು ಬಂತು. ಇದು ಬಾಲೂನ ತಪ್ಪೋ, ಕಾಲದ ಬಲೆಯೋ? ನಾವು ವಾದಿಸಬಹುದು, ಮುಚ್ಚಿಡಬಾರದು. ೧೯೫೫ರಲ್ಲಿ ಅವನು ತೀರಿಕೊಂಡ.

ಮಸ್ಕಿಯ ಬಂಡೆಯ ಮೇಲೆ ಅಶೋಕ ಬರೆಸಿದ್ದಾನೆ: ಧರ್ಮದ ಗುರಿ ಮುಟ್ಟುವುದು ದೊಡ್ಡವರಿಗಷ್ಟೇ ಅಲ್ಲ, ಚಿಕ್ಕವನಿಗೂ ಸಾಧ್ಯ ಅಂತ. ೧೯೧೫ರಲ್ಲಿ ಚಿನ್ನ ಹುಡುಕುವ ಎಂಜಿನಿಯರನ ಕಣ್ಣಿಗೆ ಆ ಶಾಸನ ಬಿತ್ತು. ಆ ವರ್ಷವೂ ಮುಂಬಯಿಯಲ್ಲಿ ಬಾಲೂಗೆ ನಾಯಕತ್ವ ಸಿಕ್ಕಿರಲಿಲ್ಲ. ಎರಡು ಸಾವಿರ ವರ್ಷ ಹಳೆಯ ಕಲ್ಲಿಗೆ ತಿಳಿದದ್ದು ಕಮಿಟಿಗೆ ತಿಳಿಯಲಿಲ್ಲ. ಇನ್ನು ನಮ್ಮ ಊರುಗಳಲ್ಲಿ ತಂಡ ಕಟ್ಟುವಾಗ ಚೆಂಡು ಎಸೆಯೋದು ಯಾರು ಅಂತ ಅಷ್ಟೇ ಕೇಳಬೇಡಿ. ನಾಯಕ ಯಾರು, ಅದನ್ನು ತೀರ್ಮಾನಿಸಿದ್ದು ಯಾರು ಅಂತ ಕೇಳಿ.