ಬೀಬಿ ನಾಚಿಯಾರ್
ಮಂಡ್ಯ ಜಿಲ್ಲೆ ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಐತಿಹ್ಯದ ನಾಯಕಿ. ದೆಹಲಿ ಸುಲ್ತಾನನ ಮಗಳಾದ ಈಕೆ, ಲೂಟಿಯ ಮಾಲಿನೊಂದಿಗೆ ಅರಮನೆ ಸೇರಿದ್ದ, ಮೇಲುಕೋಟೆಯ ದೇವರಾದ ರಾಮಪ್ರಿಯನ ಉತ್ಸವಮೂರ್ತಿಗೆ ಮನಸೋತಳು. ರಾಮಾನುಜಾಚಾರ್ಯರು ಕರೆದಾಗ ವಿಗ್ರಹ ತಾನೇ ನಡೆದುಬಂದು ಮಗನಂತೆ ಅವರ ತೊಡೆಯೇರಿತು. ಅಗಲಿಕೆ ತಾಳಲಾರದೆ ಅವಳು ಬೆನ್ನುಹತ್ತಿ ಬಂದು ಸ್ವಾಮಿಯಲ್ಲಿ ಐಕ್ಯಳಾದಳು ಎಂಬುದು ಕಥೆ. ಮೇಲುಕೋಟೆಯ ಮೂಲಮೂರ್ತಿ ಚೆಲುವನಾರಾಯಣನ ಪಾದದ ಬಳಿ ಅವಳ ಪುಟ್ಟ ಮೂರ್ತಿಯಿದೆ.

ಇದನ್ನು ಚರಿತ್ರೆಯೆಂದು ಓದುವುದು ಕಷ್ಟ. ಸಂಪ್ರದಾಯ ರಾಮಾನುಜರ ಕಾಲವನ್ನು 1017–1137 ಎನ್ನುತ್ತದೆ. ದೆಹಲಿಯಲ್ಲಿ ಸುಲ್ತಾನರ ಆಳ್ವಿಕೆ ತೊಡಗಿದ್ದು 1206ರಲ್ಲಿ, ಅವರ ದಂಡನಾಯಕ ಮಲಿಕ್ ಕಾಫೂರ್ ಹೊಯ್ಸಳರ ರಾಜಧಾನಿ ದೋರಸಮುದ್ರದವರೆಗೆ ಬಂದದ್ದು 1311ರಲ್ಲಿ. ತಮಿಳುನಾಡಿನ ಶ್ರೀರಂಗದಲ್ಲೂ ತುಲುಕ್ಕ ನಾಚಿಯಾರ್ ಹೆಸರಿನಲ್ಲಿ ಇಂಥದೇ ಕಥೆಯಿರುವುದರಿಂದ, ನಂತರದ ದಾಳಿಯ ನೆನಪು ಹಿಂದಕ್ಕೆ ಸರಿದು ಆಚಾರ್ಯರ ಚರಿತೆಗೆ ಸೇರಿಕೊಂಡಿತೆಂದು ಊಹಿಸಬಹುದು. ಆದರೆ ಕಥೆಯ ಬಲವಿರುವುದು ಕಾಲಗಣನೆಯಲ್ಲಲ್ಲ, ವಿರಹದಲ್ಲಿ. ಒಂದೇ ಪವಾಡ ಆಚಾರ್ಯರಿಗೆ ಮಗನನ್ನು ಕೊಟ್ಟು ಹುಡುಗಿಯಿಂದ ನಲ್ಲನನ್ನು ಕಸಿಯುತ್ತದೆ. ಶತ್ರುವಿನ ಮಗಳನ್ನು ತಮ್ಮ ದೇವರ ಕಾಲಡಿಗೆ ತಂದಿಟ್ಟ ಈ ಕಥೆ ಪ್ರೇಮದ ಸೋಗಿನ ಸೇಡಷ್ಟೇ ಎಂದು ಆಕ್ಷೇಪಿಸಬಹುದು, ಅದರಲ್ಲಿ ಹುರುಳಿಲ್ಲದಿಲ್ಲ. ಆದರೆ ಸೇಡೇ ಉದ್ದೇಶವಾಗಿದ್ದರೆ ಅವಳ ಗುರುತನ್ನು ಅಳಿಸಿಹಾಕಬಹುದಿತ್ತು. ಹಾಗಾಗದೆ ಅವಳು ಬೀಬಿಯಾಗಿಯೇ ಉಳಿದು ದೇವಿಯರ ಸಾಲಿಗೆ ಸೇರಿದ್ದಾಳೆ. ಶ್ರೀರಂಗದಲ್ಲಂತೂ ಅವಳಿಗಾಗಿ ದೇವರೇ ತನ್ನ ರೀತಿ ಬದಲಿಸಿಕೊಂಡಿದ್ದಾನೆ: ರಂಗನಾಥ ಲುಂಗಿ ಉಡುತ್ತಾನೆ, ರೊಟ್ಟಿ–ಬೆಣ್ಣೆಯ ನೈವೇದ್ಯ ಸ್ವೀಕರಿಸುತ್ತಾನೆ.